ಹಳೆಯ ಲ್ಯಾಪ್‌ಟಾಪಿನ ಒಳಗೆ ಕೂರುವ ವೈಫೈ ಕಾರ್ಡು: ಮೂರರಲ್ಲಿ ಯಾವುದನ್ನು ಆರಿಸಲಿ?

ಮೌನಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ದಿನವೂ ಬಳಸುವ ಲ್ಯಾಪ್‌ಟಾಪಿನಲ್ಲಿ ಏಳನೆಯ ಪೀಳಿಗೆಯ ಇಂಟೆಲ್ ಕೋರ್ ಐ5 ಪ್ರೊಸೆಸರ್ ಇದೆ. ರ‍್ಯಾಮ್ ಹೆಚ್ಚಿಸಿ, ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದ ಮೇಲೆ ಬರವಣಿಗೆ, ಲೆಕ್ಕಪತ್ರ, ಸ್ವಲ್ಪ ಪ್ರೋಗ್ರಾಮಿಂಗ್ ಇವೆಲ್ಲಕ್ಕೂ ಅದು ಧಾರಾಳವಾಗಿ ಸಾಲುತ್ತಿದೆ. ಕೈಕೊಡುತ್ತಿರುವುದು ವೈಫೈ ಒಂದೇ.

ನನ್ನ ರೌಟರು ಎರಡು ಹೆಸರುಗಳನ್ನು ತೋರಿಸುತ್ತದೆ: 2.4 ಗಿಗಾಹರ್ಟ್ಸ್‌ಗೆ ಒಂದು, 5 ಗಿಗಾಹರ್ಟ್ಸ್‌ಗೆ ಇನ್ನೊಂದು. ಮೊಬೈಲಿಗೆ ಎರಡೂ ಕಾಣುತ್ತವೆ, ಲ್ಯಾಪ್‌ಟಾಪಿಗೆ ಎರಡನೆಯದು ಕಾಣುವುದೇ ಇಲ್ಲ. ರೌಟರಿನ ಪಕ್ಕದಲ್ಲೇ ಕುಳಿತರೂ ಸಂಪರ್ಕದ ವೇಗ ಸೆಕೆಂಡಿಗೆ 72 ಮೆಗಾಬಿಟ್ ಎಂದೇ ಬರುತ್ತದೆ. ಕಡತ ಇಳಿಸಿಕೊಳ್ಳುವಾಗ ಕೈಗೆ ಸಿಗುವುದು 40ರ ಆಸುಪಾಸು. ಅದೇ ಹೊತ್ತಿನಲ್ಲಿ ಬ್ಲೂಟೂತ್ ಮೌಸನ್ನು ಅಲ್ಲಾಡಿಸಿದರೆ ಪರದೆಯ ಮೇಲಿನ ಬಾಣ ಒಂದು ಕ್ಷಣ ನಿಂತು, ಆಮೇಲೆ ಒಮ್ಮೆಲೇ ಹಾರಿ ಮುಂದೆ ಹೋಗುತ್ತದೆ. ಇಳಿಕೆ ಮುಗಿದ ಕೂಡಲೇ ಮೌಸು ಸರಿಯಾಗುತ್ತದೆ.

ನಾನು ಗುರುತು ಹಾಕಿಕೊಂಡಿರುವ ಆಯ್ಕೆಗಳು ಮೂರು. ಇಂಟೆಲ್ ಎಎಕ್ಸ್201 ಒಂದು. ಎಎಕ್ಸ್200ಕ್ಕಿಂತ ಒಂದು ಸಂಖ್ಯೆ ಹೆಚ್ಚಿರುವುದರಿಂದ ಅದು ಸುಧಾರಿತ ಮಾದರಿ ಇರಬೇಕೆಂದು ನನ್ನ ಊಹೆ. ಎರಡನೆಯದು ಎಎಕ್ಸ್210, ಅದರಲ್ಲಿ 6 ಗಿಗಾಹರ್ಟ್ಸ್ ಕೂಡ ಇದೆಯಂತೆ. ಮೂರನೆಯದು ಉಗುರಿನಷ್ಟು ಚಿಕ್ಕದಾದ ಯುಎಸ್‌ಬಿ ನ್ಯಾನೊ ಅಡಾಪ್ಟರು. ಯಂತ್ರವನ್ನು ಚೀಲದಲ್ಲಿ ಹಾಕಿಕೊಂಡು ಓಡಾಡುವುದರಿಂದ ಹೊರಗೆ ಚಾಚಿಕೊಂಡಿರುವ ಯಾವುದೂ ನನಗೆ ಬೇಡ. ವಿಂಡೋಸ್ 10 ಮತ್ತು ಲಿನಕ್ಸ್ ಎರಡನ್ನೂ ಬಳಸುತ್ತೇನೆ. ರೌಟರು ವೈಫೈ 5 ಪೀಳಿಗೆಯದು, ಸದ್ಯಕ್ಕೆ ಅದನ್ನು ಬದಲಿಸುವ ಯೋಚನೆ ಇಲ್ಲ. ಲ್ಯಾಪ್‌ಟಾಪಿನ ಅಡಿಯ ಮುಚ್ಚಳವನ್ನು ಎಸ್‌ಎಸ್‌ಡಿ ಹಾಕುವಾಗ ಒಮ್ಮೆ ತೆಗೆದಿದ್ದೇನೆ, ಆದರೆ ಆಗ ವೈಫೈ ಕಾರ್ಡಿನ ಕಡೆ ಗಮನ ಕೊಟ್ಟಿರಲಿಲ್ಲ. ತಿಳಿದವರು ದಾರಿ ತೋರಿಸಬೇಕಾಗಿ ವಿನಂತಿ.

ರಿಪೇರಿಗಾರ

ಮೌನಿಯವರೇ, ಎಎಕ್ಸ್201 ಅನ್ನು ಪಟ್ಟಿಯಿಂದ ಈಗಲೇ ಹೊಡೆದುಹಾಕಿ. ಅದು ಕೆಟ್ಟ ಕಾರ್ಡಲ್ಲ, ಆದರೆ ನಿಮ್ಮ ಯಂತ್ರದಲ್ಲಿ ಅದು ಕೆಲಸ ಮಾಡುವುದಿಲ್ಲ. ಈ ಒಂದು ಅಂಕಿಯ ವ್ಯತ್ಯಾಸದಿಂದ ಮೋಸಹೋಗಿ ಬಂದವರನ್ನು ನಾನು ಲೆಕ್ಕವಿಡುವುದನ್ನೇ ಬಿಟ್ಟಿದ್ದೇನೆ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಸಾಮಾನ್ಯ ವೈಫೈ ಕಾರ್ಡಿನಲ್ಲಿ ರೇಡಿಯೋ ಭಾಗವೂ, ಆ ಸಂಕೇತಗಳನ್ನು ದತ್ತಾಂಶವಾಗಿ ಬಿಡಿಸುವ ಭಾಗವೂ ಕಾರ್ಡಿನ ಮೇಲೆಯೇ ಇರುತ್ತವೆ. ಅಂಥ ಕಾರ್ಡು ಪಿಸಿಐ ಎಕ್ಸ್‌ಪ್ರೆಸ್ ಎಂಬ ಎಲ್ಲ ಯಂತ್ರಗಳಿಗೂ ಸಾಮಾನ್ಯವಾದ ದಾರಿಯಲ್ಲಿ ಮದರ್‌ಬೋರ್ಡಿನೊಡನೆ ಮಾತಾಡುತ್ತದೆ. ಇಂಟೆಲ್ ಎಂಟನೆಯ ಪೀಳಿಗೆಯ ಪ್ರೊಸೆಸರ್‌ಗಳ ಕಾಲದಲ್ಲಿ ಸಿಎನ್‌ವಿಐ ಎಂಬ ಇನ್ನೊಂದು ಏರ್ಪಾಡನ್ನು ತಂದಿತು. ಇದರಲ್ಲಿ ಬುದ್ಧಿಯ ಕೆಲಸವೆಲ್ಲ ಚಿಪ್‌ಸೆಟ್ಟಿನ (ಪ್ರೊಸೆಸರಿನ ಜೊತೆಗಾರ ಚಿಪ್ಪಿನ) ಒಳಗೇ ಇರುತ್ತದೆ, ಸ್ಲಾಟಿನಲ್ಲಿ ಕೂರುವ ಕಾರ್ಡು ಬರಿಯ ರೇಡಿಯೋ ಮಾತ್ರ. ಆ ಅರ್ಧ ಕಾರ್ಡಿಗೆ ಉಳಿದರ್ಧವನ್ನು ಒದಗಿಸುವ ಚಿಪ್‌ಸೆಟ್ ಇಲ್ಲದಿದ್ದರೆ ಅದು ಸ್ಲಾಟಿನಲ್ಲಿ ಸರಿಯಾಗಿಯೇ ಕೂರುತ್ತದೆ, ಸ್ಕ್ರೂ ಕೂಡ ಬಿಗಿಯುತ್ತದೆ, ಆದರೆ ಯಂತ್ರಕ್ಕೆ ಅಲ್ಲೊಂದು ಕಾರ್ಡು ಇದೆಯೆಂಬುದೇ ತಿಳಿಯುವುದಿಲ್ಲ. ನಿಮ್ಮ ಏಳನೆಯ ಪೀಳಿಗೆಯಲ್ಲಿ ಸಿಎನ್‌ವಿಐ ಇಲ್ಲವೇ ಇಲ್ಲ. ಎಎಕ್ಸ್201, ಎಎಕ್ಸ್211, ಎಎಕ್ಸ್411, ಬಿಇ201 ಇವೆಲ್ಲ ಆ ಜಾತಿಯವು. ಎಎಕ್ಸ್200, ಎಎಕ್ಸ್210 ಎರಡೂ ಪೂರ್ಣ ಕಾರ್ಡುಗಳು. ಕೊನೆಯ ಅಂಕಿ ಸೊನ್ನೆಯಾದರೆ ಸರಿ ಎಂಬ ಸೂತ್ರ ಈ ಹೊಸ ಸರಣಿಗಳಿಗೆ ನಡೆಯುತ್ತದೆ. ಅದಕ್ಕೂ ಹಿಂದಿನ ಸರಣಿಗೆ ನಡೆಯುವುದಿಲ್ಲ, ಏಕೆಂದರೆ 9260 ಪೂರ್ಣ ಕಾರ್ಡು, 9560 ಅರ್ಧ ಕಾರ್ಡು.

ಇನ್ನು ಎಎಕ್ಸ್210ರ ಮಾತು. ಅದರ ಹೆಚ್ಚುಗಾರಿಕೆ ಇರುವುದು 6 ಗಿಗಾಹರ್ಟ್ಸ್‌ನಲ್ಲಿ. ವಿಂಡೋಸ್‌ನಲ್ಲಿ ಆ ತರಂಗ ಪಟ್ಟಿಯನ್ನು (ಬ್ಯಾಂಡ್) ಬಳಸಲು ವಿಂಡೋಸ್ 11 ಬೇಕು, ನಿಮ್ಮ ಪ್ರೊಸೆಸರು ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ, ರೌಟರಿನಲ್ಲಂತೂ ಆ ತರಂಗ ಪಟ್ಟಿಯೇ ಇಲ್ಲ. ಎಎಕ್ಸ್210 ಹಾಕಿದರೆ 2.4 ಮತ್ತು 5 ಗಿಗಾಹರ್ಟ್ಸ್‌ನಲ್ಲಿ ಚೆನ್ನಾಗಿಯೇ ಓಡುತ್ತದೆ, ನಷ್ಟವೇನೂ ಇಲ್ಲ. ಆದರೆ ಮುಂದೆ ಈ ಕಾರ್ಡನ್ನು ಬೇರೊಂದು ಯಂತ್ರಕ್ಕೆ ಸಾಗಿಸುವ ಉದ್ದೇಶ ಇಲ್ಲದಿದ್ದರೆ ಎಎಕ್ಸ್200 ಸಾಕು. 2019ರಲ್ಲಿ ಬಂದ ಕಾರ್ಡು, ಅದರ ಹುಳುಕುಗಳೆಲ್ಲ ಹೊರಬಿದ್ದು ಸರಿಯಾಗಿ ಬಹಳ ಕಾಲವಾಯಿತು.

ಪೆಟ್ಟಿಗೆಯ ಮೇಲೆ 3000 ಎಂಬ ಅಂಕಿ ಕಂಡರೆ ಉಬ್ಬಬೇಡಿ. ಅದು 5 ಗಿಗಾಹರ್ಟ್ಸ್‌ನ 2402 ಮತ್ತು 2.4 ಗಿಗಾಹರ್ಟ್ಸ್‌ನ 574 ಮೆಗಾಬಿಟ್‌ಗಳನ್ನು ಕೂಡಿಸಿ ದುಂಡಗೆ ಮಾಡಿದ ಲೆಕ್ಕ. ನಿಮ್ಮ ಲ್ಯಾಪ್‌ಟಾಪು ಒಂದು ಹೊತ್ತಿಗೆ ಒಂದೇ ಪಟ್ಟಿಯಲ್ಲಿ ಇರುತ್ತದೆ. 2402 ಬರಬೇಕಾದರೆ ಎದುರಿಗೆ 160 ಮೆಗಾಹರ್ಟ್ಸ್ ಅಗಲದ ವೈಫೈ 6 ರೌಟರು ಇರಬೇಕು. ಸಾಮಾನ್ಯ ವೈಫೈ 5 ರೌಟರು 80 ಮೆಗಾಹರ್ಟ್ಸ್‌ನಲ್ಲಿ ನಡೆಯುವುದರಿಂದ ಎರಡು ಆಂಟೆನಾಗಳಿದ್ದರೆ ನಿಮಗೆ 866, ಒಂದೇ ಇದ್ದರೆ 433. ಹೊಸ ಕಾರ್ಡಿನಿಂದ ನಿಮಗಾಗುವ ದೊಡ್ಡ ಲಾಭ ವೈಫೈ 6 ಅಲ್ಲ, 5 ಗಿಗಾಹರ್ಟ್ಸ್‌ಗೆ ಪ್ರವೇಶ ಸಿಗುವುದು.

ಕೊಳ್ಳುವ ಮೊದಲು ಮುಚ್ಚಳ ತೆಗೆದು ಎರಡು ಸಂಗತಿಗಳನ್ನು ನೋಡಿ. ಕಾರ್ಡು 22 ಮಿಲಿಮೀಟರ್ ಅಗಲ, 30 ಮಿಲಿಮೀಟರ್ ಉದ್ದ ಇದ್ದರೆ ಅದು ಎಂ.2 2230, ಎಎಕ್ಸ್200 ಕೂರುವ ಅಳತೆ. ಅಗಲ 30, ಉದ್ದ ಸುಮಾರು 27 ಇದ್ದರೆ ಅದು ಹಳೆಯ ಅರ್ಧ ಅಳತೆಯ ಮಿನಿ ಪಿಸಿಐ ಎಕ್ಸ್‌ಪ್ರೆಸ್. ಆಗ ಲೆಕ್ಕ ಬೇರೆಯಾಗುತ್ತದೆ, ಆಂಟೆನಾ ತಂತಿಯ ಗುಂಡಿಯ ಅಳತೆಯೂ ಬೇರೆ. ಎರಡನೆಯದಾಗಿ, ಕಾರ್ಡಿಗೆ ಎಷ್ಟು ತಂತಿಗಳು ಬಂದು ಸೇರಿವೆ ಎಂದು ಎಣಿಸಿ. 72 ಎಂಬ ಅಂಕಿಯನ್ನು ನೋಡಿದರೆ ನನಗೆ ಅನುಮಾನ, ಅಲ್ಲಿ ಒಂದೇ ತಂತಿ ಇರಬಹುದು. ಒಂದೇ ಆಂಟೆನಾದ 802.11ಎನ್ (ವೈಫೈ 5ಕ್ಕಿಂತ ಹಿಂದಿನ ಪೀಳಿಗೆಯ) ಕಾರ್ಡು 20 ಮೆಗಾಹರ್ಟ್ಸ್ ಅಗಲದಲ್ಲಿ ಕೊಡುವ ಗರಿಷ್ಠ ವೇಗ ಅದೇ.

ಸಂಚಾರಿ

ರಿಪೇರಿಗಾರರು ಹೇಳಿದ್ದರಲ್ಲಿ ತಪ್ಪಿಲ್ಲ. ಆದರೂ ನ್ಯಾನೊ ಅಡಾಪ್ಟರಿನ ಪರವಾಗಿ ಒಂದು ಮಾತು ಹೇಳಬೇಕು. ಮೂರು ವರ್ಷ ನಾನು ಅದನ್ನೇ ಬಳಸಿದ್ದೇನೆ. ಸ್ಕ್ರೂ ಬಿಚ್ಚುವ ತಾಪತ್ರಯವಿಲ್ಲ, ಯಂತ್ರ ಬದಲಾದರೆ ಕಿತ್ತು ಇನ್ನೊಂದಕ್ಕೆ ಸಿಕ್ಕಿಸಬಹುದು, ಬಯೋಸ್ (ಯಂತ್ರವನ್ನು ಎಬ್ಬಿಸುವ ಮೂಲ ತಂತ್ರಾಂಶ) ಒಪ್ಪುತ್ತದೆಯೋ ಇಲ್ಲವೋ ಎಂಬ ಆತಂಕವಿಲ್ಲ. ಎರಡೂ ಪಟ್ಟಿಗಳಿರುವ 600ರ ದರ್ಜೆಯ (ಇದೂ ಎರಡು ಪಟ್ಟಿಗಳ ವೇಗ ಕೂಡಿಸಿದ ಅಂಕಿಯೇ) ಅಡಾಪ್ಟರು ತೆಗೆದುಕೊಂಡರೆ 5 ಗಿಗಾಹರ್ಟ್ಸ್‌ನಲ್ಲಿ 433 ಸಿಗುತ್ತದೆ. ಈಗಿನ 72ರ ಆರು ಪಟ್ಟು.

ಅದರ ಕುಂದುಗಳನ್ನೂ ಮುಚ್ಚಿಡುವುದಿಲ್ಲ. ಆಂಟೆನಾ ಆ ಚಿಕ್ಕ ದೇಹದೊಳಗೇ ಇರುವುದರಿಂದ ಎರಡು ಗೋಡೆ ದಾಟಿದರೆ ಸಂಕೇತ ಸೊರಗುತ್ತದೆ, ಲ್ಯಾಪ್‌ಟಾಪಿನ ಪರದೆಯ ಅಂಚಿನಲ್ಲಿ ಕುಳಿತ ಆಂಟೆನಾಕ್ಕೆ ಅದು ಸರಿಸಾಟಿಯಲ್ಲ. ದೀರ್ಘಕಾಲ ಕಡತ ಇಳಿಸಿದರೆ ಮುಟ್ಟಲು ಹಿತವಲ್ಲದಷ್ಟು ಬಿಸಿಯಾಗುತ್ತದೆ. ಯುಎಸ್‌ಬಿ 2.0 ದಾರಿಯ ಕಾಗದದ ಮೇಲಿನ ಮಿತಿಯೇ 480 ಮೆಗಾಬಿಟ್ ಆದ್ದರಿಂದ ಒಂದೇ ಪಟ್ಟಿಯಲ್ಲಿ ಅದಕ್ಕಿಂತ ಹೆಚ್ಚು ವೇಗ ಕೊಡುತ್ತೇನೆನ್ನುವ ಯುಎಸ್‌ಬಿ 2.0 ಅಡಾಪ್ಟರನ್ನು ನಂಬಬಾರದು. ಇನ್ನೊಂದು ಸೂಕ್ಷ್ಮ ಇದೆ: 2.4 ಗಿಗಾಹರ್ಟ್ಸ್‌ನಲ್ಲಿ ಬಳಸುತ್ತಿದ್ದ ಅಡಾಪ್ಟರಿನ ಪಕ್ಕದ ತೂತಿಗೆ ನಾನು ಯುಎಸ್‌ಬಿ 3.0 ಹಾರ್ಡ್ ಡಿಸ್ಕ್ ಚುಚ್ಚಿದಾಗಲೆಲ್ಲ ಸಂಪರ್ಕ ಕಡಿಯುತ್ತಿತ್ತು. ಯುಎಸ್‌ಬಿ 3.0 ಹೊಮ್ಮಿಸುವ ಗದ್ದಲ 2.4 ಗಿಗಾಹರ್ಟ್ಸ್ ಪಟ್ಟಿಯ ಮೇಲೆಯೇ ಬೀಳುತ್ತದೆ. ಇಂಟೆಲ್ ಕಂಪನಿಯೇ 2012ರಲ್ಲಿ ಇದರ ಬಗ್ಗೆ ತಾಂತ್ರಿಕ ಲೇಖನ ಹೊರತಂದಿದೆ. 5 ಗಿಗಾಹರ್ಟ್ಸ್‌ಗೆ ಹೋದ ಮೇಲೆ ಆ ಕಾಟ ನಿಂತಿತು.

ಒಂದೇ ಎಚ್ಚರ: ಅತಿ ಚಿಕ್ಕದಾಗಿರುವ, ಬರಿಯ 150 ಎಂದು ಬರೆದಿರುವ ಅಡಾಪ್ಟರುಗಳು 2.4 ಗಿಗಾಹರ್ಟ್ಸ್‌ನವು ಮಾತ್ರ. ಅದನ್ನು ತಂದರೆ ಈಗಿರುವ ಕಾರ್ಡನ್ನೇ ಹೊರಗೆ ಅಂಟಿಸಿಕೊಂಡಂತೆ.

ಕರ್ನಲ್‌ಪ್ರಿಯ

ಪ್ರಶ್ನೆಯಲ್ಲಿ ಲಿನಕ್ಸ್ ಎಂಬ ಪದ ಇರುವುದರಿಂದ ಸಂಚಾರಿಯವರ ಸಲಹೆಗೆ ನನ್ನ ಸಹಮತವಿಲ್ಲ. ನ್ಯಾನೊ ಅಡಾಪ್ಟರುಗಳ ಪೆಟ್ಟಿಗೆಯ ಮೇಲೆ ತಯಾರಕರ ಹೆಸರು ಇರುತ್ತದೆಯೇ ಹೊರತು ಒಳಗಿರುವ ಚಿಪ್ಪಿನ ಹೆಸರು ಇರುವುದು ಅಪರೂಪ. ಲಿನಕ್ಸ್‌ಗೆ ಬೇಕಾಗಿರುವುದು ಆ ಎರಡನೆಯ ಹೆಸರು. ರಿಯಲ್‌ಟೆಕ್‌ನ ಕೆಲವು ಯುಎಸ್‌ಬಿ ಚಿಪ್ಪುಗಳಿಗೆ ಕರ್ನಲ್ (ಲಿನಕ್ಸ್‌ನ ತಿರುಳು) 6.2ರಿಂದ ಒಳಗೇ ಡ್ರೈವರ್ ಬಂದಿದೆ. ಅದಕ್ಕಿಂತ ಹಳೆಯ ಕರ್ನಲ್ ಇದ್ದರೆ ಹೊರಗಿನಿಂದ ಡ್ರೈವರ್ ತಂದು ಕಂಪೈಲ್ ಮಾಡಬೇಕು, ಕರ್ನಲ್ ಬದಲಾದಾಗಲೆಲ್ಲ ಅದು ಮತ್ತೆ ಕಂಪೈಲ್ ಆಗಬೇಕು, ಸೆಕ್ಯೂರ್ ಬೂಟ್ (ಸಹಿ ಇಲ್ಲದ ತಂತ್ರಾಂಶವನ್ನು ತಡೆಯುವ ಏರ್ಪಾಡು) ಚಾಲೂ ಇದ್ದರೆ ಅದಕ್ಕೆ ಸಹಿಯನ್ನೂ ಹಾಕಬೇಕು. ಕೆಲವು ಅಡಾಪ್ಟರುಗಳು ಮೊದಲ ಬಾರಿ ಚುಚ್ಚಿದಾಗ ತಮ್ಮನ್ನು ಸಿಡಿ ಡ್ರೈವ್ ಎಂದು ಪರಿಚಯಿಸಿಕೊಳ್ಳುತ್ತವೆ. ವಿಂಡೋಸ್‌ನ ಡ್ರೈವರನ್ನು ಆ ಸುಳ್ಳು ಸಿಡಿಯಲ್ಲಿ ಇಟ್ಟಿರುತ್ತಾರೆ. ಲಿನಕ್ಸ್‌ನಲ್ಲಿ ಅದರ ವೇಷ ಕಳಚುವುದೇ ಒಂದು ಪ್ರತ್ಯೇಕ ಕೆಲಸವಾಗುತ್ತದೆ.

ಎಎಕ್ಸ್200ಕ್ಕೆ ಕರ್ನಲ್ 5.1ರಿಂದ, ಎಎಕ್ಸ್210ಕ್ಕೆ 5.10ರಿಂದ ಬೆಂಬಲವಿದೆ. ಡ್ರೈವರ್ ಕರ್ನಲ್ಲಿನ ಜೊತೆಗೇ ಬರುತ್ತದೆ, ಕಾರ್ಡಿನೊಳಗೆ ಓಡುವ ಫರ್ಮ್‌ವೇರ್‌ನ ಕಡತ ನಿಮ್ಮ ಲಿನಕ್ಸ್ ವಿತರಣೆಯ ಪ್ಯಾಕೇಜಿನಲ್ಲಿ ಇರುತ್ತದೆ. ಕಾರ್ಡು ಹಾಕಿ ಯಂತ್ರ ಶುರುಮಾಡಿದರೆ ಮುಗಿಯಿತು. ಇಂಟೆಲ್ ಬೇಡವೆನ್ನುವವರಿಗೆ ಮೀಡಿಯಾಟೆಕ್‌ನ ಎಂಟಿ7921 ಒಳ್ಳೆಯ ಪರ್ಯಾಯ, 5.12ರಿಂದ ಕರ್ನಲ್ಲಿನಲ್ಲೇ ಇದೆ. ಲ್ಯಾಪ್‌ಟಾಪನ್ನೇ 5 ಗಿಗಾಹರ್ಟ್ಸ್ ಹಾಟ್‌ಸ್ಪಾಟ್ ಮಾಡಿ ಬೇರೆಯವರಿಗೆ ಇಂಟರ್‌ನೆಟ್ ಹಂಚುವ ಅಭ್ಯಾಸವಿದ್ದರೆ ಇಂಟೆಲ್ ಕಾರ್ಡುಗಳು ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಒಪ್ಪುವುದಿಲ್ಲ; ಅಂಥವರಿಗೆ ಮೀಡಿಯಾಟೆಕ್ ವಾಸಿ.

ಬ್ಲೂಟೂತ್ ಬಗ್ಗೆಯೂ ಹೇಳಿಬಿಡುತ್ತೇನೆ. ಈ ಕಾರ್ಡುಗಳಲ್ಲಿ ವೈಫೈ ಪಿಸಿಐ ಎಕ್ಸ್‌ಪ್ರೆಸ್ ದಾರಿಯಲ್ಲಿ ಹೋದರೂ ಬ್ಲೂಟೂತ್ ಹೋಗುವುದು ಅದೇ ಸ್ಲಾಟಿನೊಳಗೆ ಎಳೆದಿರುವ ಯುಎಸ್‌ಬಿ ಎಳೆಗಳ ಮೂಲಕ. ಕೆಲವು ಬೋರ್ಡುಗಳಲ್ಲಿ ಆ ಎಳೆಗಳನ್ನು ಸ್ಲಾಟಿಗೆ ತಂದಿರುವುದಿಲ್ಲ, ಆಗ ವೈಫೈ ಮಾತ್ರ ಕೆಲಸ ಮಾಡುತ್ತದೆ. ಮೌನಿಯವರ ಮೌಸು ಕುಂಟುತ್ತಲಾದರೂ ನಡೆಯುತ್ತಿರುವುದರಿಂದ ಅವರ ಯಂತ್ರದಲ್ಲಿ ಎಳೆಗಳು ಇವೆಯೆಂದೇ ತಿಳಿಯಬಹುದು. ಆ ಕುಂಟುವಿಕೆಗೆ ಕಾರಣ, ಒಂದೇ ಆಂಟೆನಾವನ್ನು ಒಂದೇ ಪಟ್ಟಿಯಲ್ಲಿ ವೈಫೈ ಮತ್ತು ಬ್ಲೂಟೂತ್ ಸರದಿಯ ಮೇಲೆ ಹಂಚಿಕೊಳ್ಳುವುದು. ವೈಫೈ 5 ಗಿಗಾಹರ್ಟ್ಸ್‌ಗೆ ಹೋದರೆ 2.4 ಪೂರ್ತಿಯಾಗಿ ಮೌಸಿನದಾಗುತ್ತದೆ.

ಬೆರಳಚ್ಚು

ಯಾರೂ ಎತ್ತದ ಒಂದು ವಿಷಯ ಉಳಿದಿದೆ. ಹಿಂದೆ ನನ್ನ ಬಳಿಯಿದ್ದ ಲ್ಯಾಪ್‌ಟಾಪಿಗೆ ಹೊಸ ಕಾರ್ಡು ಹಾಕಿ ಗುಂಡಿ ಒತ್ತಿದೆ. ಕಪ್ಪು ಪರದೆಯ ಮೇಲೆ, ಅನುಮತಿಯಿಲ್ಲದ ನೆಟ್‌ವರ್ಕ್ ಕಾರ್ಡು ಸಿಕ್ಕಿಸಲಾಗಿದೆ, ಅದನ್ನು ತೆಗೆದು ಮತ್ತೆ ಆರಂಭಿಸಿ ಎಂಬರ್ಥದ ಎರಡು ಸಾಲು ಬಂದು ಯಂತ್ರ ಅಲ್ಲೇ ನಿಂತಿತು. ವಿಂಡೋಸ್ ತನಕ ಹೋಗುವ ಮಾತಿರಲಿ, ಬಯೋಸ್‌ನ ಪುಟವೂ ತೆರೆಯಲಿಲ್ಲ. ಹಳೆಯ ಕಾರ್ಡನ್ನು ಮರಳಿ ಕೂರಿಸಿದ ಮೇಲೆಯೇ ಅದು ಎದ್ದದ್ದು.

ಕೆಲವು ತಯಾರಕರು ತಾವು ಪರೀಕ್ಷಿಸಿದ ಕಾರ್ಡುಗಳ ಪಟ್ಟಿಯನ್ನು ಬಯೋಸ್‌ನೊಳಗೆ ಇಟ್ಟು, ಅದರಲ್ಲಿ ಇಲ್ಲದ್ದನ್ನು ತಡೆಯುತ್ತಾರೆ. ರೇಡಿಯೋ ಪ್ರಮಾಣಪತ್ರ ಸಿಗುವುದು ಕಾರ್ಡು ಮತ್ತು ಆಂಟೆನಾ ಎರಡಕ್ಕೂ ಸೇರಿಸಿ ಎಂಬುದು ಅವರ ಸಮರ್ಥನೆ. ಈ ಕಾಟ ಹಳೆಯ ಯಂತ್ರಗಳಲ್ಲೇ ಹೆಚ್ಚು, ಏಳನೆಯ ಪೀಳಿಗೆಯ ಹೊತ್ತಿಗೆ ಬಹುಮಟ್ಟಿಗೆ ಕಡಿಮೆಯಾಗಿತ್ತು. ಹಾಗೆಂದು ನಂಬಿ ಕುಳಿತುಕೊಳ್ಳುವುದು ಬೇಡ. ನಿಮ್ಮ ಮಾದರಿಯ ಸರ್ವಿಸ್ ಮ್ಯಾನುಯಲ್ ಹುಡುಕಿ ಓದಿ. ಆ ಮಾದರಿಯ ಜೊತೆ ಮಾರಾಟವಾದ ವೈಫೈ ಕಾರ್ಡುಗಳ ಹೆಸರುಗಳು ಬಿಡಿಭಾಗಗಳ ಪಟ್ಟಿಯಲ್ಲಿ ಇರುತ್ತವೆ. 2.4 ಮತ್ತು 5 ಗಿಗಾಹರ್ಟ್ಸ್ ಎರಡೂ ಇರುವ ಕಾರ್ಡೊಂದನ್ನು ಅದೇ ಮಾದರಿಯಲ್ಲಿ ಕೊಟ್ಟಿದ್ದರೆ ನಿಮ್ಮ ಆಂಟೆನಾ ಕೂಡ 5 ಗಿಗಾಹರ್ಟ್ಸ್‌ಗೆ ಒಗ್ಗುವಂಥದ್ದೇ ಆಗಿರುವ ಸಾಧ್ಯತೆ ಹೆಚ್ಚು. ಆಂಟೆನಾವನ್ನು ಕಣ್ಣಿನಿಂದ ನೋಡಿ ಇದನ್ನು ತೀರ್ಮಾನಿಸಲು ಬರುವುದಿಲ್ಲ.

ತಿದ್ದಿದ ಬಯೋಸ್ ಹಾಕಿ ಪಟ್ಟಿಯನ್ನು ಅಳಿಸಬಹುದೆಂದು ಹೇಳುವವರು ಸಿಗುತ್ತಾರೆ. ಒಂದು ವೈಫೈ ಕಾರ್ಡಿಗಾಗಿ ಇಡೀ ಮದರ್‌ಬೋರ್ಡನ್ನು ಪಣಕ್ಕೆ ಇಡುವುದು ನನ್ನ ಮಟ್ಟಿಗೆ ಬುದ್ಧಿವಂತಿಕೆಯಲ್ಲ. ಅಂಥ ಯಂತ್ರಕ್ಕೆ ಸಂಚಾರಿಯವರ ನ್ಯಾನೊ ಅಡಾಪ್ಟರೇ ಸರಿಯಾದ ಉತ್ತರ.

ಮೌನಿ

ಎಲ್ಲರಿಗೂ ಧನ್ಯವಾದಗಳು. ನಿನ್ನೆ ರಾತ್ರಿ ಮುಚ್ಚಳ ತೆಗೆದೆ. ಹಿಂದಿನ ಸಲ ಮಾಡಿದಂತೆಯೇ ರಬ್ಬರ್ ಪಟ್ಟಿಯ ಅಡಿಯಲ್ಲಿ ಅಡಗಿರುವ ಎರಡು ಸ್ಕ್ರೂಗಳನ್ನು ಮರೆತು ಒಂದು ಮೂಲೆಯನ್ನು ಬಲವಂತವಾಗಿ ಎತ್ತಿದೆ; ಪುಣ್ಯಕ್ಕೆ ಕೊಂಡಿ ಮುರಿಯಲಿಲ್ಲ. ಬ್ಯಾಟರಿಯ ಕನೆಕ್ಟರ್ ತೆಗೆದ ಮೇಲೆ ಕಾರ್ಡಿನ ಮೇಲೆ ಅಳತೆಪಟ್ಟಿ ಇಟ್ಟು ನೋಡಿದೆ: 22ಕ್ಕೆ 30. ಎಂ.2 ಎಂಬುದು ಖಚಿತವಾಯಿತು.

ಕಾರ್ಡಿನ ಒಂದು ತುದಿಯಲ್ಲಿ ಸಾಸಿವೆ ಕಾಳಿನಷ್ಟು ಚಿಕ್ಕದಾದ ಎರಡು ಚಿನ್ನದ ಬಣ್ಣದ ಗುಂಡಿಗಳಿವೆ. ಒಂದರ ಪಕ್ಕದಲ್ಲಿ ತುಂಬಿದ ತ್ರಿಕೋನ, ಇನ್ನೊಂದರ ಪಕ್ಕದಲ್ಲಿ ಖಾಲಿ ತ್ರಿಕೋನ ಅಚ್ಚಾಗಿದೆ. ರಿಪೇರಿಗಾರರ ಅನುಮಾನವೇ ನಿಜ: ಒಂದಕ್ಕೆ ಮಾತ್ರ ಕಪ್ಪು ತಂತಿ ಬಂದು ಸೇರಿದೆ, ಇನ್ನೊಂದು ಬರಿದು. ಬಿಳಿ ತಂತಿ ಎಲ್ಲಾದರೂ ಅಂಟುಪಟ್ಟಿಯ ಅಡಿಯಲ್ಲಿ ಮಡಚಿಕೊಂಡು ಬಿದ್ದಿದೆಯೇ ಎಂದು ಕೀಲಿನ ತನಕ ಹುಡುಕಿದೆ, ಸಿಗಲಿಲ್ಲ. ಸರ್ವಿಸ್ ಮ್ಯಾನುಯಲ್ಲಿನಲ್ಲಿ ಎರಡು ಕಾರ್ಡುಗಳ ಹೆಸರಿದೆ. ಒಂದು ನನ್ನದು, ಇನ್ನೊಂದು ಎರಡು ಆಂಟೆನಾಗಳ ವೈಫೈ 5 ಕಾರ್ಡು. ಅಂದರೆ ನನ್ನ ಯಂತ್ರಕ್ಕೆ ಒಂದು ತಂತಿಯನ್ನು ಕೊಡದೆ ಉಳಿಸಿಕೊಂಡಿದ್ದಾರೆ.

ಈಗ ಎರಡು ಪ್ರಶ್ನೆಗಳು. ಎರಡು ಆಂಟೆನಾಗಳ ಕಾರ್ಡಿಗೆ ಒಂದೇ ತಂತಿ ಸಿಕ್ಕಿಸಿದರೆ ಕಾರ್ಡಿಗೆ ಕೆಡುಕಾಗುತ್ತದೆಯೇ? ಎರಡನೆಯ ಆಂಟೆನಾವನ್ನು ನಾನೇ ಹಾಕಬಹುದೇ?

ರಿಪೇರಿಗಾರ

ಕೆಡುಕೇನೂ ಆಗುವುದಿಲ್ಲ. ಆದರೆ ಯಾವ ಗುಂಡಿಗೆ ಸಿಕ್ಕಿಸುತ್ತೀರಿ ಎಂಬುದರಿಂದ ವ್ಯತ್ಯಾಸವಾಗುತ್ತದೆ, ಏಕೆಂದರೆ ಬ್ಲೂಟೂತ್ ಸಾಮಾನ್ಯವಾಗಿ ಎರಡರಲ್ಲಿ ಒಂದೇ ಗುಂಡಿಯನ್ನು ಬಳಸುತ್ತದೆ. ಆ ಗುಂಡಿ ಬರಿದಾಗಿದ್ದರೆ ವೈಫೈ ನಡೆದರೂ ಮೌಸು ಮೊದಲಿಗಿಂತ ಹೆಚ್ಚು ಗೋಳಾಡಿಸಬಹುದು. ಒಂದೇ ತಂತಿ ಇದ್ದಾಗ ಎರಡೂ ಕಡೆ ಪರೀಕ್ಷಿಸಿ, ಉತ್ತಮವಾದ ಕಡೆ ಬಿಡಿ.

ಎರಡನೆಯ ಆಂಟೆನಾವನ್ನು ನೀವೇ ಹಾಕಬಹುದು. ಲ್ಯಾಪ್‌ಟಾಪುಗಳಿಗೆಂದೇ ಹಿಂಬದಿಯಲ್ಲಿ ಅಂಟು ಇರುವ ತೆಳು ಹಾಳೆಯಂಥ ಆಂಟೆನಾ ಸಿಗುತ್ತದೆ. ಕೊಳ್ಳುವಾಗ ಎರಡು ಮಾತು ನೆನಪಿರಲಿ: ಅದು ಎರಡೂ ಪಟ್ಟಿಗಳಿಗೆ ಆಗುವಂಥದ್ದಾಗಿರಬೇಕು, ತಂತಿಯ ತುದಿ ಎಂಎಚ್‌ಎಫ್4 ಎಂಬ ಚಿಕ್ಕ ಕನೆಕ್ಟರ್ ಇರಬೇಕು. ಮಿನಿ ಪಿಸಿಐ ಎಕ್ಸ್‌ಪ್ರೆಸ್ ಕಾಲದ ಯು.ಎಫ್‌ಎಲ್ ತುದಿ ನೋಡಲು ಇದರಂತೆಯೇ ಕಂಡರೂ ದೊಡ್ಡದು. ಅದನ್ನು ಎಂ.2 ಕಾರ್ಡಿನ ಗುಂಡಿಯ ಮೇಲೆ ಒತ್ತಿ ಒತ್ತಿ ಗುಂಡಿಯನ್ನೇ ಕಿತ್ತುಹಾಕಿದ ಕಾರ್ಡುಗಳು ನನ್ನ ಮೇಜಿಗೆ ಬಂದಿವೆ.

ಸಿಕ್ಕಿಸುವ ಕ್ರಮ ಹೀಗೆ. ತಂತಿಯ ತುದಿಯನ್ನು ಗುಂಡಿಯ ನೇರಕ್ಕೆ ಇಟ್ಟು, ಬೆರಳ ತುದಿಯಿಂದ ಸುಮ್ಮನೆ ಅತ್ತಿತ್ತ ಜಾರಿಸಿ ನೋಡಿ. ಸರಿಯಾಗಿ ಕೂತಿದ್ದರೆ ಅದು ಜಾರುವುದಿಲ್ಲ. ಆಮೇಲೆ ಪ್ಲಾಸ್ಟಿಕ್ ಕಡ್ಡಿಯಿಂದ ನೇರ ಕೆಳಕ್ಕೆ ಒತ್ತಿದರೆ ಟಕ್ ಎಂಬ ಸಣ್ಣ ಸದ್ದು ಬರುತ್ತದೆ. ಬಾರದಿದ್ದರೆ ಬಲ ಹೆಚ್ಚಿಸಬೇಡಿ, ಎತ್ತಿ ಮತ್ತೆ ಇಡಿ. ತೆಗೆಯುವಾಗ ತಂತಿ ಹಿಡಿದು ಎಳೆಯಬಾರದು, ತುದಿಯ ಅಂಚಿನಡಿ ಕಡ್ಡಿ ತೂರಿಸಿ ನೇರ ಮೇಲಕ್ಕೆ ಎತ್ತಬೇಕು. ಈ ಜಾತಿಯ ಕನೆಕ್ಟರುಗಳನ್ನು ಸುಮಾರು 30 ಸಲ ತೆಗೆದು ಹಾಕುವ ಬಾಳಿಕೆಗೆ ಮಾತ್ರ ಮಾಡಿರುತ್ತಾರೆ, ಆಟಕ್ಕೆ ತೆಗೆದು ಹಾಕಬೇಡಿ.

ಹಾಳೆಯನ್ನು ಎಲ್ಲಿ ಅಂಟಿಸುತ್ತೀರಿ ಎಂಬುದರ ಮೇಲೆ ಅರ್ಧ ಫಲಿತಾಂಶ ನಿಂತಿದೆ. ಪರದೆಯ ಮೇಲಂಚು ಎಲ್ಲಕ್ಕಿಂತ ಒಳ್ಳೆಯ ಜಾಗ, ಆದರೆ ಅಲ್ಲಿಗೆ ತಂತಿ ಒಯ್ಯಲು ಪರದೆಯ ಚೌಕಟ್ಟು ಬಿಚ್ಚಿ ಕೀಲಿನೊಳಗೆ ತೂರಿಸಬೇಕು. ಅಭ್ಯಾಸವಿಲ್ಲದವರಿಗೆ ನಾನು ಹೇಳುವುದಿಲ್ಲ. ಕೈ ಊರುವ ಜಾಗದ ಪ್ಲಾಸ್ಟಿಕ್ಕಿನ ಒಳಮೈ ಸಾಕು. ಲೋಹದ ತಗಡು, ಬ್ಯಾಟರಿ, ಎಸ್‌ಎಸ್‌ಡಿ ಇವುಗಳ ಮೇಲೆ ಅಥವಾ ಒತ್ತಿಗೆ ಇಡಬೇಡಿ. ಮುಚ್ಚಳ ಪೂರ್ತಿ ಲೋಹದ್ದಾಗಿದ್ದರೆ ಈ ಉಪಾಯ ನಡೆಯುವುದಿಲ್ಲ.

ಕರ್ನಲ್‌ಪ್ರಿಯ

ಒಂದು ಸಣ್ಣ ಸೇರ್ಪಡೆ. ಕಾರ್ಡು ಬದಲಿಸುವ ಮೊದಲೇ ವಿಂಡೋಸ್‌ನ ಡ್ರೈವರ್ ಕಡತಗಳನ್ನು, ವೈಫೈಗೆ ಒಂದು ಮತ್ತು ಬ್ಲೂಟೂತ್‌ಗೆ ಒಂದು, ಇಳಿಸಿ ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಿ. ಕಾರ್ಡು ಹಾಕಿದ ಮೇಲೆ ಡ್ರೈವರ್ ಇಳಿಸಲು ಇಂಟರ್‌ನೆಟ್ ಬೇಕು, ಇಂಟರ್‌ನೆಟ್‌ಗೆ ಡ್ರೈವರ್ ಬೇಕು ಎಂಬ ಸ್ಥಿತಿಗೆ ಸಿಲುಕಬೇಡಿ. ಮರೆತರೆ ಮೊಬೈಲನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ ಟೆದರಿಂಗ್ ಮಾಡಿಕೊಳ್ಳಬಹುದು.

ಮೌನಿ

ಕೆಲಸ ಮುಗಿಯಿತು. ಫಲಿತಾಂಶವನ್ನು ಬರೆದಿಡುತ್ತೇನೆ, ಇದೇ ಗೊಂದಲದಲ್ಲಿ ಇನ್ನಾರಾದರೂ ಬಂದರೆ ಅವರಿಗೆ ಉಪಯೋಗವಾದೀತು.

ಎಎಕ್ಸ್200 ತರಿಸಿದೆ. ಬಯೋಸ್ ಯಾವ ತಕರಾರೂ ಮಾಡಲಿಲ್ಲ. ಆದರೆ ವಿಂಡೋಸ್ ತೆರೆದ ಮೇಲೆ ರೌಟರಿನ ಎರಡೂ ಹೆಸರುಗಳು ಕಾಣುತ್ತಿದ್ದರೂ ಯಾವುದಕ್ಕೂ ಸೇರಿಕೊಳ್ಳಲಾಗಲಿಲ್ಲ. ಅರ್ಧ ಗಂಟೆ ಕಾರ್ಡನ್ನು ಶಪಿಸಿದೆ, ಡ್ರೈವರನ್ನು ಎರಡು ಸಲ ತೆಗೆದು ಹಾಕಿದೆ. ಕೊನೆಗೆ ಹೊಳೆಯಿತು: ರೌಟರಿನಲ್ಲಿ ನಾನೇ ಎಂದೋ ಮ್ಯಾಕ್ ವಿಳಾಸದ (ಪ್ರತಿ ಕಾರ್ಡಿಗೂ ಇರುವ ಗುರುತು ಸಂಖ್ಯೆಯ) ಸೋಸುವಿಕೆಯನ್ನು ಚಾಲೂ ಮಾಡಿಟ್ಟಿದ್ದೆ. ಕಾರ್ಡು ಬದಲಾದಾಗ ಮ್ಯಾಕ್ ವಿಳಾಸವೂ ಬದಲಾಗಿ, ರೌಟರಿಗೆ ನನ್ನ ಲ್ಯಾಪ್‌ಟಾಪು ಅಪರಿಚಿತವಾಗಿಬಿಟ್ಟಿತ್ತು. ಹೊಸ ವಿಳಾಸ ಸೇರಿಸಿದ ಕೂಡಲೇ ಸರಿಯಾಯಿತು. ಬ್ಲೂಟೂತ್ ಮೌಸನ್ನೂ ಹೊಸದಾಗಿ ಜೋಡಿಸಬೇಕಾಯಿತು.

ಮೊದಲು ಕಪ್ಪು ತಂತಿಯೊಂದರಿಂದಲೇ ನೋಡಿದೆ. 5 ಗಿಗಾಹರ್ಟ್ಸ್‌ನಲ್ಲಿ ಸಂಪರ್ಕದ ವೇಗ 433 ಬಂದಿತು, ಅಂದರೆ ಹಳೆಯ ಆಂಟೆನಾ ಈ ಪಟ್ಟಿಗೂ ಒಗ್ಗುತ್ತದೆ. ತಂತಿ ಮೊದಲನೆಯ ಗುಂಡಿಯಲ್ಲಿದ್ದಾಗ ಮೌಸು ಒಂದು ಮೊಳ ದೂರ ಹೋದರೂ ತಡವರಿಸುತ್ತಿತ್ತು. ಎರಡನೆಯದಕ್ಕೆ ಬದಲಿಸಿದಾಗ ಸರಿಯಾಯಿತು. ಸಂಚಾರಿಯವರು ಹೇಳಿದ ಆರು ಪಟ್ಟು ಇಲ್ಲೇ ಸಿಕ್ಕಿಬಿಟ್ಟಿದ್ದರಿಂದ ಇಷ್ಟಕ್ಕೇ ನಿಲ್ಲಿಸೋಣವೇ ಎನಿಸಿದ್ದೂ ನಿಜ.

ಹಾಳೆ ಆಂಟೆನಾ ಬಂದ ಮೇಲೆ ಮೊದಲು ಬ್ಯಾಟರಿಯ ಪಕ್ಕದ ಖಾಲಿ ಜಾಗದಲ್ಲಿ ತಾತ್ಕಾಲಿಕವಾಗಿ ಇಟ್ಟೆ. ವೇಗ 433 ಮತ್ತು 866ರ ನಡುವೆ ತೂಗಾಡುತ್ತಿತ್ತು. ಅಲ್ಲಿಂದ ತೆಗೆದು ಎಡಗೈ ಊರುವ ಪ್ಲಾಸ್ಟಿಕ್ಕಿನ ಮೂಲೆಗೆ, ಸ್ಪೀಕರಿನಿಂದ ಎರಡು ಬೆರಳು ದೂರದಲ್ಲಿ ಅಂಟಿಸಿದೆ. ಈಗ 866ರಲ್ಲಿ ನಿಂತಿದೆ. ತಂತಿಯಿಂದ ರೌಟರಿಗೆ ಜೋಡಿಸಿದ ಇನ್ನೊಂದು ಕಂಪ್ಯೂಟರಿನಿಂದ ಕಡತ ನಕಲಿಸುವಾಗ ಸೆಕೆಂಡಿಗೆ 60 ಮೆಗಾಬೈಟ್‌ನ ಸುತ್ತಮುತ್ತ ಬರುತ್ತದೆ. ಮೊದಲು ಅದೇ ಕೆಲಸದಲ್ಲಿ 5 ಬರುತ್ತಿತ್ತು. ಲಿನಕ್ಸ್‌ನಲ್ಲಿ ನಾನು ಏನನ್ನೂ ಮುಟ್ಟಲಿಲ್ಲ, ಅದು ತಾನಾಗಿಯೇ ಕಾರ್ಡನ್ನು ಗುರುತಿಸಿತು.

ಸಂಚಾರಿ

ಎಡಗೈ ಅಲ್ಲೇ ಊರಿ ಟೈಪ್ ಮಾಡುವಾಗ ವೇಗ ಇಳಿಯುವುದಿಲ್ಲವೇ? ಕೈ ಆಂಟೆನಾವನ್ನು ಮುಚ್ಚಿದಂತಾಗುತ್ತದಲ್ಲ.

ಮೌನಿ

ನೀವು ಕೇಳಿದ ಮೇಲೆ ಪರೀಕ್ಷಿಸಿದೆ. ರೌಟರಿನ ಕೋಣೆಯಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ. ಎರಡು ಗೋಡೆಗಳಾಚೆ ಕುಳಿತು ಅಂಗೈಯನ್ನು ಆ ಮೂಲೆಯ ಮೇಲೆ ಒತ್ತಿ ಹಿಡಿದಾಗ 866 ಇದ್ದದ್ದು 650ಕ್ಕೆ ಇಳಿಯಿತು, ಕೈ ತೆಗೆದ ಕೆಲವು ಕ್ಷಣಗಳಲ್ಲಿ ಮರಳಿ ಬಂದಿತು. ಪರದೆಯಲ್ಲಿರುವ ಹಳೆಯ ಆಂಟೆನಾ ಆಸರೆಗೆ ಇರುವುದರಿಂದ ಸಂಪರ್ಕವಂತೂ ಕಡಿಯುವುದಿಲ್ಲ. ಹಾಳೆಯನ್ನು ಮುಂಚೆಯೇ ಕೀಲಿನ ಬಳಿಯ ಮೂಲೆಗೆ ಅಂಟಿಸಿದ್ದರೆ ಇದೂ ಆಗುತ್ತಿರಲಿಲ್ಲವೇನೋ, ಆದರೆ ಅದರ ತಂತಿ ಅಷ್ಟು ದೂರ ಮುಟ್ಟುವುದಿಲ್ಲ.